ಪದಚರ್ಚೆ: ‘ದೂರದರ್ಶಕ ವಿಜ್ಞಾನ’ ಮತ್ತು ‘ಹವ್ಯಾಸಿ ಖಗೋಳಜ್ಞ’

ಮಾನ್ಯರೇ,

ಅಮೆರಿಕದ ‘ಸೊಸೈಟಿ ಫಾರ್ ಆಸ್ಟ್ರನಾಮಿಕಲ್ ಸೈನ್ಸಸ್’ ಎಂಬ ಸಂಘವು ನಡೆಸಿಕೊಂಡು ಬಂದಿರುವ ವಾರ್ಷಿಕ ಸಭೆಯೊಂದರ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸಭೆಯ ಹೆಸರು ‘ಸಿಂಪೋಸಿಯಂ ಆನ್ ಟೆಲಿಸ್ಕೋಪ್ ಸೈನ್ಸ್’. ಇದರ 30ನೆಯ ಅಧಿವೇಶನವು 2011ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಲೇಕ್ ಎಂಬ ಊರಿನಲ್ಲಿ ನಡೆಯಿತು. ವಿಶ್ವವಿದ್ಯಾಲಯಗಳಲ್ಲಿ ಸಂಬಳಕ್ಕೆ ಖಗೋಳ ಸಂಶೋಧನೆ ಮಾಡುವವರೂ, ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ತಮ್ಮ ಸ್ವಂತ ಉಪಕರಣದಿಂದ ಕ್ಷುದ್ರಗ್ರಹಗಳ ಬೆಳಕಿನ ಏರಿಳಿತವನ್ನೋ ಜೋಡಿ ನಕ್ಷತ್ರಗಳ ನಡುವಣ ಅಂತರವನ್ನೋ ಅಳೆಯುವವರೂ ಅಲ್ಲಿ ಒಂದೇ ವೇದಿಕೆಯಲ್ಲಿ ಪ್ರಬಂಧ ಮಂಡಿಸುತ್ತಾರೆ. ಇಷ್ಟನ್ನು ಕನ್ನಡಿಸುವಷ್ಟರಲ್ಲೇ ನನ್ನ ಲೇಖನಿ ಎರಡು ಕಡೆ ನಿಂತಿತು. ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಮೊದಲನೆಯದು ಸಭೆಯ ಹೆಸರು. ‘ದೂರದರ್ಶಕ ವಿಜ್ಞಾನ’ ಎಂದು ಬರೆದೆ; ಓದಿದ ಸ್ನೇಹಿತರೊಬ್ಬರು, “ಮಸೂರ, ಕನ್ನಡಿಗಳನ್ನು ಉಜ್ಜುವ ವಿದ್ಯೆಯ ಬಗ್ಗೆಯೇ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಜೀವವಿಜ್ಞಾನ, ಭೂವಿಜ್ಞಾನ, ಸಸ್ಯವಿಜ್ಞಾನ ಎಂದೆಲ್ಲ ಹೇಳುವಾಗ ಪೂರ್ವಪದವು ಅಧ್ಯಯನದ ವಸ್ತುವಾಗಿರುತ್ತದೆ. ಇವೆಲ್ಲ ಷಷ್ಠೀ ತತ್ಪುರುಷಗಳು. ಆ ರೂಢಿಗೆ ಒಗ್ಗಿದ ಕಿವಿಗೆ ‘ದೂರದರ್ಶಕ ವಿಜ್ಞಾನ’ವೆಂದರೆ ದೂರದರ್ಶಕದ ವಿಜ್ಞಾನವೇ ಆಗುತ್ತದೆ. ನಮಗೆ ಬೇಕಾಗಿರುವುದು ದೂರದರ್ಶಕದಿಂದ ಮಾಡುವ ವಿಜ್ಞಾನ, ಅಂದರೆ ತೃತೀಯೆಯ ಅರ್ಥ. ವ್ಯಾಕರಣ ಅದಕ್ಕೂ ಅವಕಾಶ ಕೊಡುತ್ತದೆಯಾದರೂ ಓದುಗನು ಸಮಾಸವನ್ನು ಬಿಡಿಸುವುದು ವ್ಯಾಕರಣ ಪುಸ್ತಕ ತೆರೆದಿಟ್ಟುಕೊಂಡಲ್ಲ. ‘ದೂರದರ್ಶಕಾಧಾರಿತ ಸಂಶೋಧನೆ’ ಎಂದರೆ ಅರ್ಥ ಸ್ಪಷ್ಟವಾಗುತ್ತದೆ, ಆದರೆ ಸರಕಾರಿ ಸುತ್ತೋಲೆಯ ವಾಸನೆ ಬರುತ್ತದೆ. ಈಗೀಗ ‘ಆಧಾರಿತ’ ಅಂಟದ ಪದವೇ ಉಳಿದಿಲ್ಲವೇನೋ ಎನಿಸುವಷ್ಟು ಅದರ ಬಳಕೆ ಅತಿಯಾಗಿದೆ. ‘ವೀಕ್ಷಣಾ ಖಗೋಳವಿಜ್ಞಾನ’ ಒಳ್ಳೆಯ ಪದವಾದರೂ ಬರಿಗಣ್ಣಿನ ವೀಕ್ಷಣೆಯೂ ಅದರೊಳಗೆ ಬರುವುದರಿಂದ ಇಲ್ಲಿ ಅದರ ವ್ಯಾಪ್ತಿ ಹೆಚ್ಚಾಯಿತು. ಸದ್ಯಕ್ಕೆ ‘ದೂರದರ್ಶಕದ ಮೂಲಕ ಸಂಶೋಧನೆ: ವಿಚಾರ ಸಂಕಿರಣ’ ಎಂದು ಬಿಡಿಸಿ ಬರೆದಿಟ್ಟಿದ್ದೇನೆ.

‘ದೂರದರ್ಶಕ’ ಎಂಬುದೂ ತಕರಾರಿಲ್ಲದ ಪದವೇನಲ್ಲ. ಒಂದಕ್ಷರ ಬದಲಾದರೆ ದೂರದರ್ಶನ, ಇನ್ನೊಂದು ಬದಲಾದರೆ ಮುಂದಾಲೋಚನೆಯುಳ್ಳ ದೂರದರ್ಶಿ. ಗೌರಿಬಿದನೂರಿನ ಬಯಲಿನಲ್ಲಿ ಸಾಲುಸಾಲಾಗಿ ನಿಂತಿರುವ ಆಂಟೆನಾಗಳನ್ನೂ ‘ರೇಡಿಯೋ ದೂರದರ್ಶಕ’ ಎನ್ನುತ್ತೇವೆ, ಅಲ್ಲಿ ಕಣ್ಣಿಟ್ಟು ನೋಡಲು ಏನೂ ಇಲ್ಲದಿದ್ದರೂ. ‘ದುರ್ಬೀನು’ ನನಗೆ ಪ್ರಿಯವಾದ ಪದ, ಆದರೆ ಅದು ಎರಡು ಕಣ್ಣಿನ ಕಿರು ಉಪಕರಣಕ್ಕೇ ಹೆಚ್ಚಾಗಿ ಅಂಟಿಕೊಂಡಿರುವುದರಿಂದ ಇಲ್ಲಿ ಒದಗುವುದಿಲ್ಲ.

ನನ್ನ ಮುಖ್ಯ ಪ್ರಶ್ನೆ ಎರಡನೆಯದು: ‘ಅಮೆಚೂರ್ ಆಸ್ಟ್ರಾನಮರ್’ ಎಂಬುದಕ್ಕೆ ಏನೆನ್ನಬೇಕು? ‘ಹವ್ಯಾಸಿ ಖಗೋಳಜ್ಞ’ ಎಂಬುದು ಪತ್ರಿಕೆಗಳಲ್ಲಿ ಕಾಣುವ ರೂಪ. ಆದರೆ ‘ಹವ್ಯಾಸ’ ಇಂದು ಬಹಳ ಸಡಿಲವಾದ ಪದ. ಅಂಚೆಚೀಟಿ ಸಂಗ್ರಹವೂ ಹವ್ಯಾಸ, ಕುಡಿತದ ಚಟಕ್ಕೂ ‘ಕೆಟ್ಟ ಹವ್ಯಾಸ’ ಎಂಬ ಹೆಸರು. ಮರಾಠಿಯಲ್ಲಿ ಇದೇ ಪದಕ್ಕೆ ತೀವ್ರ ಹಂಬಲ, ಅತಿಯಾಸೆ ಎಂಬ ಅರ್ಥವಿದೆ. ಇನ್ನು ‘ಹವ್ಯಾಸಿ ಪತ್ರಕರ್ತ’ ಎಂದಾಗ ಯಾವ ಪತ್ರಿಕೆಗೂ ಕಟ್ಟುಬೀಳದೆ ಬರೆದು ಸಂಭಾವನೆ ಪಡೆಯುವವನೆಂದು ತಿಳಿಯುತ್ತೇವೆ. ಅಲ್ಲಿ ಹಣವಿದೆ, ಇಲ್ಲದಿರುವುದು ನೌಕರಿ ಮಾತ್ರ.

ಕನ್ನಡದಲ್ಲಿ ಈ ಪದವು ಗೌರವದಿಂದ ನಿಂತಿರುವ ಎಡೆಯೆಂದರೆ ರಂಗಭೂಮಿ. ಗುಬ್ಬಿ ಕಂಪನಿಯಂಥವು ವೃತ್ತಿ ರಂಗಭೂಮಿ. ಕಚೇರಿ, ಕಾಲೇಜುಗಳ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಸೇರುತ್ತಿದ್ದವರದು ಹವ್ಯಾಸಿ ರಂಗಭೂಮಿ. ಎರಡನೆಯದು ಮೊದಲನೆಯದಕ್ಕಿಂತ ಕೀಳೆಂದು ಅಲ್ಲಿ ಯಾರೂ ಭಾವಿಸಿದಂತಿಲ್ಲ. ಯಕ್ಷಗಾನದ ಹವ್ಯಾಸಿ ತಂಡಗಳ ಮಾತೂ ಹಾಗೆಯೇ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಇಲ್ಲಿ ‘ಹವ್ಯಾಸಿ’ಗೆ ಜೊತೆಯಾಗಿ ಬರುವುದು ‘ವೃತ್ತಿ’ ಎಂಬ ಪದ, ‘ವೃತ್ತಿಪರ’ವಲ್ಲ. ‘ವೃತ್ತಿಪರ’ವು ಈಗ ಅಚ್ಚುಕಟ್ಟುತನದ ಹೊಗಳಿಕೆಯಾಗಿಬಿಟ್ಟಿದೆ, ಹೀಗಾಗಿ ‘ವೃತ್ತಿಪರ ಮತ್ತು ಹವ್ಯಾಸಿ ಖಗೋಳಜ್ಞರು’ ಎಂದು ಬರೆದ ಕೂಡಲೇ ಹವ್ಯಾಸಿಗಳ ಕೆಲಸ ಒರಟೆಂಬ ಧ್ವನಿ, ಬರೆದವರ ಉದ್ದೇಶ ಅದಲ್ಲದಿದ್ದರೂ, ತಾನಾಗಿ ಹೊರಡುತ್ತದೆ.

ಈ ಧ್ವನಿ ಎಷ್ಟು ಅನ್ಯಾಯದ್ದೆಂಬುದಕ್ಕೆ ಒಂದೆರಡು ಉದಾಹರಣೆ ಸಾಕು. ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ತಾನೇ ತಯಾರಿಸಿದ ದೂರದರ್ಶಕದಲ್ಲಿ ಯುರೇನಸ್ಸನ್ನು ಕಂಡಾಗ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತವೇ ಅವನ ಜೀವನೋಪಾಯವಾಗಿತ್ತು. ಮರುವರ್ಷ ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡು ವೇತನ ಗೊತ್ತುಮಾಡಿದ. ವೇತನ ಬಂದಾಗ ಅವನು ‘ವೃತ್ತಿ’ಯವನಾದನೆನ್ನಬಹುದು, ಅದೇ ದಿನ ‘ವೃತ್ತಿಪರ’ನೂ ಆದನೆಂದರೆ ನಗೆಪಾಟಲಾಗುತ್ತದೆ. ನಮ್ಮಲ್ಲಿಯೇ, ಆಗ ಅವಿಭಜಿತ ಬಂಗಾಳದಲ್ಲಿದ್ದ ಜೆಸ್ಸೋರಿನ ಸರಕಾರಿ ಖಜಾನೆಯ ನೌಕರ ರಾಧಾಗೋವಿಂದ ಚಂದ್ರ ಅವರು ಬೆಳಕು ಏರಿಳಿಯುವ ನಕ್ಷತ್ರಗಳನ್ನು ದಶಕಗಳ ಕಾಲ ನೋಡಿ, 37 ಸಾವಿರಕ್ಕೂ ಮಿಕ್ಕ ಅಳತೆಗಳನ್ನು ಅಮೆರಿಕದ ಚರತಾರೆ ವೀಕ್ಷಕರ ಸಂಘಕ್ಕೆ ಒಪ್ಪಿಸಿದರು. 1911ರಲ್ಲಿ ಆ ಸಂಘವನ್ನು ಹುಟ್ಟುಹಾಕಿದ ವಿಲಿಯಂ ಟೈಲರ್ ಓಲ್ಕಾಟ್ ಕೂಡ ಓದಿದ್ದು ಕಾನೂನನ್ನು. 2009ರ ಜುಲೈನಲ್ಲಿ ಗುರುಗ್ರಹದ ಮೇಲೆ ಹೊಸದಾಗಿ ಮೂಡಿದ್ದ ಕಪ್ಪು ಗುರುತನ್ನು ಮೊದಲು ಕಂಡವರು ಆಸ್ಟ್ರೇಲಿಯದ ಹವ್ಯಾಸಿ ಆಂಟನಿ ವೆಸ್ಲಿ. ಅದನ್ನು ದೊಡ್ಡ ವೀಕ್ಷಣಾಲಯಗಳವರು ಪರೀಕ್ಷಿಸಿದ್ದು ಆಮೇಲೆ.

ಪದಗಳ ಕ್ರಮದಲ್ಲಿಯೂ ವ್ಯತ್ಯಾಸವಿದೆ. ‘ಖಗೋಳ ಹವ್ಯಾಸಿ’ ಎಂದರೆ ಆತನು ಮೊದಲು ಹವ್ಯಾಸಿ, ಅವನ ಹವ್ಯಾಸದ ವಿಷಯ ಆಕಾಶ. ‘ಹವ್ಯಾಸಿ ಖಗೋಳಜ್ಞ’ ಎಂದರೆ ಆತನು ಖಗೋಳವನ್ನು ಬಲ್ಲವನು, ಅದು ಅವನ ಜೀವನೋಪಾಯವಲ್ಲ ಅಷ್ಟೆ. ‘ಜ್ಞ’ ಎಂಬ ಅಕ್ಷರಕ್ಕೆ ಸಂಬಳದ ಹಂಗಿಲ್ಲ. ಊರ ಮಾಳಿಗೆಯ ಮೇಲೆ ಮಕ್ಕಳಿಗೆ ಶನಿಯ ಬಳೆ ತೋರಿಸುವವರಿಗೆ ಮೊದಲನೆಯದನ್ನೂ, ಮೇಲೆ ಹೇಳಿದ ಸಭೆಯಲ್ಲಿ ಪ್ರಬಂಧ ಓದುವವರಿಗೆ ಎರಡನೆಯದನ್ನೂ ಬಳಸುವುದು ಸೂಕ್ತವೆಂದು ನನ್ನ ಅಭಿಪ್ರಾಯ. ‘ಆಕಾಶವೀಕ್ಷಕ’ ಸುಂದರವಾಗಿದೆ, ಆದರೆ ಕೇವಲ ನೋಡುವವನೆಂಬ ಭಾವ ಅದರಲ್ಲಿ ಉಳಿಯುತ್ತದೆ. ಈ ಸಭೆಗೆ ಬರುವವರು ಅಳೆಯುವವರು.

ಹೀಗೆ ‘ವೃತ್ತಿ ಖಗೋಳಜ್ಞರು ಮತ್ತು ಹವ್ಯಾಸಿ ಖಗೋಳಜ್ಞರು’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ‘ವೃತ್ತಿ ಖಗೋಳಜ್ಞ’ ಎಂಬುದು ‘ವೃತ್ತಿ ರಂಗಭೂಮಿ’ಯಷ್ಟು ಸಲೀಸಾಗಿ ನಿಮ್ಮ ಕಿವಿಗೆ ಕೇಳುತ್ತದೆಯೇ? ಇವರಿಬ್ಬರೂ ಕೂಡಿ ಮಾಡುವ ಕೆಲಸವನ್ನು ಇಂಗ್ಲಿಷಿನವರು ‘ಪ್ರೊಫೆಷನಲ್-ಅಮೆಚೂರ್’ ಎಂಬುದನ್ನು ‘ಪ್ರೋ-ಆಮ್’ ಎಂದು ಮೊಟಕುಗೊಳಿಸುತ್ತಾರೆ. ನಾವು ‘ಜಂಟಿ ವೀಕ್ಷಣೆ’ ಎಂದರೆ ಯಾರು ಯಾರೊಡನೆ ಜಂಟಿ ಎಂಬುದು ಬಿಟ್ಟುಹೋಗುತ್ತದೆ. ಹಳೆಯ ವಿಜ್ಞಾನ ಪತ್ರಿಕೆಗಳಲ್ಲಿ ಬೇರೆ ಪ್ರಯೋಗಗಳನ್ನು ಕಂಡವರಿದ್ದರೆ, ಅದು ಕಂಡ ವಾಕ್ಯವನ್ನು ಪೂರ್ತಿಯಾಗಿ ಉದ್ಧರಿಸಿ ತಿಳಿಸಬೇಕೆಂದು ವಿನಂತಿ.