ಸಹಾಯ ಬೇಕು: ನಂಬರ್ ಕೊಡದೆ ಬರಹಗಾರರ ಗ್ರೂಪ್ ಸೇರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಹತ್ತಿರದ ಹಳ್ಳಿಯವಳು. 3 ವರ್ಷದಿಂದ ಸಣ್ಣ ಕತೆ ಬರೆಯುತ್ತಿದ್ದೇನೆ. ಮನೆಯಲ್ಲಿ ಓದಿ ಹೇಳುವವರಿಲ್ಲ. ನಮ್ಮ ಯಜಮಾನರಿಗೆ ಕಾಫಿ ರೇಟು ಬಿಟ್ಟು ಬೇರೇನೂ ಓದಲು ಪುರುಸೊತ್ತಿಲ್ಲ.

ಫೇಸ್‌ಬುಕ್‌ನಲ್ಲಿ ಸಿಕ್ಕ ಲಿಂಕ್ ಒತ್ತಿ 2 ವಾಟ್ಸಾಪ್ ಗ್ರೂಪ್ ಸೇರಿದೆ. ಒಂದರಲ್ಲಿ ಬೆಳಗಾದರೆ ಹೂವಿನ ಚಿತ್ರ, ಶುಭೋದಯ. ಕತೆ ಹಾಕಿದರೆ ಹತ್ತು ಹೆಬ್ಬೆರಳು ಬರುತ್ತವೆ. ಓದಿದವರು ಎಷ್ಟು ಜನ ಅಂತ ದೇವರಿಗೇ ಗೊತ್ತು! ಇನ್ನೊಂದರಲ್ಲಿ ನನ್ನ ನಂಬರ್ ನೋಡಿ ಯಾರೋ ರಾತ್ರಿ 11 ಗಂಟೆಗೆ ‘ಊಟ ಆಯ್ತಾ ಮೇಡಂ’ ಅಂತ ಶುರು ಮಾಡಿದರು. ಬ್ಲಾಕ್ ಮಾಡಿ ಹೊರಗೆ ಬಂದೆ.

ಆಮೇಲೆ ಟೆಲಿಗ್ರಾಂ ಹಾಕಿಕೊಂಡೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಇಟ್ಟೆ, ಯೂಸರ್‌ನೇಮ್ ಮಾಡಿಕೊಂಡೆ. ಅದೊಂದು ನೆಮ್ಮದಿ. ಆದರೆ ಅಲ್ಲಿ ಒಂದು ಗ್ರೂಪ್‌ನಲ್ಲಿ 2 ಲಕ್ಷ ಜನರವರೆಗೂ ಇರಬಹುದು. ನಾನು ಸೇರಿದ ದೊಡ್ಡ ಗ್ರೂಪ್‌ನಲ್ಲಿ ಕತೆ ಹಾಕಿದ ಐದೇ ನಿಮಿಷಕ್ಕೆ ಬೇರೆ ಮೆಸೇಜುಗಳ ಅಡಿ ಮುಚ್ಚಿಹೋಯಿತು. ಚಿಕ್ಕ ಗ್ರೂಪ್ ಒಂದಕ್ಕೆ ರಿಕ್ವೆಸ್ಟ್ ಕಳಿಸಿ 15 ದಿನ ಆಯಿತು, ಅಡ್ಮಿನ್ ಇನ್ನೂ ಸೇರಿಸಿಲ್ಲ.

ನಾನೇ ಹತ್ತು ಜನರ ಗ್ರೂಪ್ ಮಾಡೋಣ ಅಂದರೆ ಚಿಕ್ಕಮಗಳೂರು, ಹಾಸನದ ಪರಿಚಯದವರೆಲ್ಲ ವಾಟ್ಸಾಪ್‌ನಲ್ಲೇ ಇದ್ದಾರೆ. ಅಲ್ಲಿ ಮತ್ತೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ ಅಲ್ವಾ?

ಈಗ ಹೇಳಿ: ಆ ಅಡ್ಮಿನ್‌ಗೆ ನೇರವಾಗಿ ಮೆಸೇಜ್ ಮಾಡಿದರೆ ತಪ್ಪು ತಿಳಿಯುತ್ತಾರಾ? ಇಲ್ಲಾ, ಕತೆಯನ್ನು ನಿಜವಾಗಿ ಓದಿ ತಪ್ಪು ತೋರಿಸುವ ಚಿಕ್ಕ ಕನ್ನಡ ಟೆಲಿಗ್ರಾಂ ಗ್ರೂಪ್‌ನಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದೀರಾ?