ನ್ಯೂರಾಲಜಿಯೋ ಇಂಟರ್ನಲ್ ಮೆಡಿಸಿನ್ನೋ: ಅಮೆರಿಕದ ರೆಸಿಡೆನ್ಸಿಗೆ ಎಲ್ಲೆಲ್ಲಿ ಅರ್ಜಿ ಹಾಕುವುದು?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ರಾಜ್ಯದ ಸರ್ಕಾರಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಓದಿ, ಕಳೆದ ವರ್ಷ ಇಂಟರ್ನ್‌ಶಿಪ್ ಮುಗಿಸಿದ್ದೇನೆ. ಈಗ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕಬೇಕಿದೆ. ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ (ಯುಎಸ್‌ಎಂಎಲ್‌ಇ) ಸ್ಟೆಪ್ 1 ಪಾಸಾಗಿದೆ, ಸ್ಟೆಪ್ 2 ಸಿಕೆಯಲ್ಲಿ 246 ಬಂದಿದೆ, ಸ್ಟೆಪ್ 3 ಇನ್ನೂ ಬರೆದಿಲ್ಲ. ಡೆಟ್ರಾಯ್ಟ್ ಬಳಿಯ ಆಸ್ಪತ್ರೆಯೊಂದರ ನ್ಯೂರಾಲಜಿ (ನರರೋಗ) ವಿಭಾಗದಲ್ಲಿ ವೈದ್ಯರ ಕೆಲಸವನ್ನು ನೋಡಿ ಕಲಿಯುವ ಅಬ್ಸರ್ವರ್‌ಶಿಪ್ ಮಾಡಿದ್ದೇನೆ. ಅಲ್ಲಿನ ವೈದ್ಯರು ಶಿಫಾರಸು ಪತ್ರ ಕೊಟ್ಟಿದ್ದಾರೆ. ಮನಸ್ಸಿರುವುದು ನ್ಯೂರಾಲಜಿಯಲ್ಲೇ. ಆದರೆ ಹಿಂದಿನ ಬ್ಯಾಚಿನವರು, ಇಂಟರ್ನಲ್ ಮೆಡಿಸಿನ್‌ನಲ್ಲಿ ಸೀಟುಗಳು ಎಷ್ಟೋ ಹೆಚ್ಚಿರುವುದರಿಂದ ಅಲ್ಲಿಗೇ ನೂರೈವತ್ತು ಅರ್ಜಿ ಹಾಕಿಬಿಡು ಎನ್ನುತ್ತಾರೆ. ಎರಡೂ ವಿಭಾಗಗಳಿಗೆ ಹಾಕುವುದು ಸರಿಯೇ? ಪ್ರೋಗ್ರಾಂಗಳನ್ನು (ಬೇರೆ ಬೇರೆ ಆಸ್ಪತ್ರೆಗಳ ರೆಸಿಡೆನ್ಸಿ ತರಬೇತಿಗಳನ್ನು) ಆರಿಸುವುದು ಯಾವ ಆಧಾರದ ಮೇಲೆ? ಖರ್ಚಿಗೆ ಅಪ್ಪಾಜಿಯವರ ಉಳಿತಾಯವನ್ನೇ ನೆಚ್ಚಿಕೊಂಡಿರುವುದರಿಂದ ಆ ಲೆಕ್ಕವನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1 (ಇಂಟರ್ನಲ್ ಮೆಡಿಸಿನ್, ಮೂರನೇ ವರ್ಷದ ರೆಸಿಡೆಂಟ್, ಓಹಾಯೋ)

ಖರ್ಚಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ‘ನೂರೈವತ್ತು ಹಾಕು’ ಎನ್ನುವವರು ಹಣ ಕೊಡುವುದಿಲ್ಲ. 2025ರ ಮ್ಯಾಚ್‌ಗೆ (ಅಭ್ಯರ್ಥಿಗಳನ್ನೂ ಪ್ರೋಗ್ರಾಂಗಳನ್ನೂ ಹೊಂದಿಸುವ ಸೀಟು ಹಂಚಿಕೆಗೆ) ಅರ್ಜಿ ಸಲ್ಲಿಸುವ ಇರಾಸ್ ಜಾಲತಾಣದ ದರದಂತೆ, ಒಂದು ವಿಭಾಗದ ಮೊದಲ 30 ಪ್ರೋಗ್ರಾಂಗಳಿಗೆ ತಲಾ 11 ಡಾಲರ್, ನಂತರದ ಪ್ರತಿಯೊಂದಕ್ಕೂ 30 ಡಾಲರ್. ವಿಭಾಗ ಬದಲಾದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ನ್ಯೂರಾಲಜಿಗೆ 40, ಮೆಡಿಸಿನ್‌ಗೆ 80 ಎಂದು ಹಾಕಿದರೂ 2,460 ಡಾಲರ್ ಆಗುತ್ತದೆ; ಅಂದರೆ ಎರಡು ಲಕ್ಷ ರೂಪಾಯಿ ದಾಟಿತು. ಈ ವರ್ಷದ ದರವನ್ನು ಇರಾಸ್ ಪುಟದಲ್ಲೇ ನೋಡಿಕೊಳ್ಳಿ.

ಇನ್ನು ಆಯ್ಕೆಯ ವಿಚಾರ. ಪ್ರೋಗ್ರಾಂನ ಹೆಸರು ನೋಡುವ ಮೊದಲು ಅದರ ವೆಬ್‌ಸೈಟಿನಲ್ಲಿ ಈಗಿನ ರೆಸಿಡೆಂಟರ ಪಟ್ಟಿಯನ್ನು ತೆರೆಯಿರಿ. ಫೋಟೋದ ಕೆಳಗೆ ಅವರು ಓದಿದ ಕಾಲೇಜಿನ ಹೆಸರು ಸಾಮಾನ್ಯವಾಗಿ ಇರುತ್ತದೆ. ಮೂರು ವರ್ಷಗಳ ಬ್ಯಾಚುಗಳಲ್ಲಿಯೂ ವಿದೇಶದಲ್ಲಿ ಓದಿದವರು ಒಬ್ಬರೂ ಕಾಣದಿದ್ದರೆ, ‘ಎಲ್ಲರಿಗೂ ಸ್ವಾಗತ’ ಎಂದು ಮುಖಪುಟದಲ್ಲಿ ಎಷ್ಟೇ ದೊಡ್ಡದಾಗಿ ಬರೆದಿದ್ದರೂ ಮುಂದಕ್ಕೆ ಹೋಗಿ. ಹಾಗೆಯೇ ಪದವಿ ಪಡೆದು ಎಷ್ಟು ವರ್ಷವಾಗಿರಬಹುದು, ಅಬ್ಸರ್ವರ್‌ಶಿಪ್ಪನ್ನು ಅಮೆರಿಕದ ಕ್ಲಿನಿಕಲ್ ಅನುಭವವೆಂದು ಪರಿಗಣಿಸುತ್ತಾರೆಯೇ, ಯಾವ ವೀಸಾ ಕೊಡುತ್ತಾರೆ ಎಂಬ ವಿವರಗಳನ್ನು ಪ್ರೋಗ್ರಾಂಗಳ ಮಾಹಿತಿ ಸಿಗುವ ಫ್ರೀಡಾ ಜಾಲತಾಣದಲ್ಲಿ ನೋಡಿ, ಅನುಮಾನವಿದ್ದಲ್ಲಿ ಪ್ರೋಗ್ರಾಂ ಕೋಆರ್ಡಿನೇಟರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. ಸ್ಟೆಪ್ 1 ಅನ್ನು 2022ರ ಜನವರಿಯಿಂದ ಬರೀ ಪಾಸ್–ಫೇಲ್ ಮಾಡಿದ ಮೇಲೆ ಸ್ಟೆಪ್ 2 ಅಂಕದ ತೂಕ ಹೆಚ್ಚಾಗಿದೆ; ನಿಮ್ಮದು ಚೆನ್ನಾಗಿಯೇ ಇದೆ.

ಉತ್ತರ 2 (ನ್ಯೂರಾಲಜಿಸ್ಟ್, ಪೆನ್ಸಿಲ್ವೇನಿಯಾ)

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಆದರೆ ನ್ಯೂರಾಲಜಿಯಲ್ಲಿ ಗಮನಿಸಲೇಬೇಕಾದ ಒಂದು ಸಂಗತಿ ಬಿಟ್ಟುಹೋಗಿದೆ. ಇಲ್ಲಿ ಕ್ಯಾಟಗಾರಿಕಲ್ ಮತ್ತು ಅಡ್ವಾನ್ಸ್ಡ್ ಎಂದು ಎರಡು ಬಗೆಯ ಸೀಟುಗಳಿವೆ. ಮೊದಲನೆಯದರಲ್ಲಿ ನಾಲ್ಕು ವರ್ಷವೂ ಒಂದೇ ಪ್ರೋಗ್ರಾಂನ ಹೊಣೆ. ಎರಡನೆಯದು ನೇರವಾಗಿ ಎರಡನೇ ವರ್ಷದಿಂದ ಆರಂಭವಾಗುವುದರಿಂದ, ಮೊದಲ ವರ್ಷಕ್ಕೆ ಬೇಕಾದ ಪ್ರಿಲಿಮಿನರಿ ಸೀಟನ್ನು ನೀವೇ ಬೇರೆಯಾಗಿ ಅರ್ಜಿ ಹಾಕಿ ಹುಡುಕಿಕೊಳ್ಳಬೇಕು, ಅದಕ್ಕೆ ಪ್ರತ್ಯೇಕ ರ‍್ಯಾಂಕ್ ಪಟ್ಟಿಯನ್ನೂ (ನಿಮ್ಮ ಇಷ್ಟದ ಕ್ರಮದಲ್ಲಿ ಪ್ರೋಗ್ರಾಂಗಳ ಪಟ್ಟಿ) ಕೊಡಬೇಕು. ಅಡ್ವಾನ್ಸ್ಡ್ ಸೀಟು ಸಿಕ್ಕಿ ಪ್ರಿಲಿಮಿನರಿ ಸಿಗದೆ, ಮ್ಯಾಚ್‌ನ ಫಲಿತಾಂಶ ಬರುವ ಮಾರ್ಚ್ ತಿಂಗಳಿನಲ್ಲಿ ಪರದಾಡಿದವರನ್ನು ಕಂಡಿದ್ದೇನೆ. ವೀಸಾ ಬೇಕಾದವರು ಕ್ಯಾಟಗಾರಿಕಲ್ ಸೀಟುಗಳನ್ನೇ ಪಟ್ಟಿಯ ಬೆನ್ನೆಲುಬಾಗಿಸಿಕೊಳ್ಳುವುದು ಒಳ್ಳೆಯದು.

ಎರಡೂ ವಿಭಾಗಗಳಿಗೆ ಹಾಕುವುದು ತಪ್ಪಲ್ಲ. ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ಮೇಲೆ ನ್ಯೂರಾಲಜಿ, ಕೆಳಗೆ ಮೆಡಿಸಿನ್ ಎಂದು ಬರೆಯಲು ಅವಕಾಶವಿದೆ. ಮ್ಯಾಚ್‌ನ ಲೆಕ್ಕಾಚಾರ ನಿಮ್ಮ ಇಷ್ಟದ ಕ್ರಮದಿಂದಲೇ ಹೊರಡುವುದರಿಂದ, ಎಲ್ಲಿ ಸಿಗಬಹುದೆಂದು ಊಹಿಸಿ ಕ್ರಮ ತಿರುಚುವ ಅಗತ್ಯವಿಲ್ಲ. ಆದರೆ ಒಂದೇ ಆಸ್ಪತ್ರೆಯ ಎರಡೂ ವಿಭಾಗಗಳಿಗೆ ಹಾಕಬೇಡಿ ಎಂಬುದು ನನ್ನ ಸಲಹೆ. ಚಿಕ್ಕ ಆಸ್ಪತ್ರೆಗಳಲ್ಲಿ ಇಬ್ಬರು ನಿರ್ದೇಶಕರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ.

ಉತ್ತರ 3 (ಮೆಡಿಸಿನ್ ಮುಗಿಸಿ ಗ್ರಾಮೀಣ ಪ್ರದೇಶದಲ್ಲಿ ಕೆಲಸದಲ್ಲಿರುವವರು)

ವೀಸಾದ ಬಗ್ಗೆ ಎರಡು ಮಾತು. ಎಚ್-1ಬಿ (ಉದ್ಯೋಗ ವೀಸಾ) ಬೇಕೆಂದರೆ ಸ್ಟೆಪ್ 3 ಮೊದಲೇ ಆಗಿರಬೇಕು. ಅದೂ ಅಲ್ಲದೆ, 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ದೇಶದ ಹೊರಗಿರುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಗಿರುವಾಗ, ಆ ದಾರಿಯನ್ನೇ ನಂಬಿ ಪಟ್ಟಿ ಮಾಡುವುದು ಜಾಣತನವಲ್ಲ. ತರಬೇತಿಗೆ ಬರುವವರ ಜೆ-1 ವೀಸಾಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಪತ್ರ ಬೇಕು, ತರಬೇತಿಯ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮವೂ ಇದೆ. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿದರೆ ಕಾನ್ರಾಡ್ 30 ಯೋಜನೆಯಲ್ಲಿ ಆ ನಿಯಮದಿಂದ ವಿನಾಯಿತಿ ಪಡೆಯಬಹುದು, ಆದರೆ ಅದರಲ್ಲಿ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಸ್ಥಾನ ಮಾತ್ರ. ನಾನು ಬಂದದ್ದು ಈ ದಾರಿಯಲ್ಲೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕ್ಯಾಟಗಾರಿಕಲ್ ವಿಚಾರ ನನಗೆ ಸ್ಪಷ್ಟವಾಗಿರಲಿಲ್ಲ. ಒಂದೇ ಅನುಮಾನ ಉಳಿದಿದೆ. ನಾನು ಕೆಲಸ ನೋಡಿದ ಆಸ್ಪತ್ರೆಗೆ ನನ್ನ ಪರಿಚಯ ಇದ್ದೇ ಇದೆಯಲ್ಲ, ಅಲ್ಲಿಗೂ ಸಿಗ್ನಲ್ (ಒಂದು ಪ್ರೋಗ್ರಾಂನಲ್ಲಿ ವಿಶೇಷ ಆಸಕ್ತಿಯಿದೆಯೆಂದು ತಿಳಿಸಲು ಸಿಗುವ, ಸಂಖ್ಯೆಯಲ್ಲಿ ಸೀಮಿತವಾದ ಗುರುತು) ಖರ್ಚು ಮಾಡಬೇಕೇ? ನ್ಯೂರಾಲಜಿಯವರು ಕೊಟ್ಟ ಪತ್ರಗಳನ್ನು ಮೆಡಿಸಿನ್ ಅರ್ಜಿಗೂ ಬಳಸಬಹುದೇ?

ಉತ್ತರ 2 ಬರೆದವರು

ಅಲ್ಲಿಗೆ ಖಂಡಿತ ಸಿಗ್ನಲ್ ಕಳಿಸಿ. ಪರಿಚಯವಿದ್ದೂ ಸಿಗ್ನಲ್ ಬರದಿದ್ದರೆ ಈ ಅಭ್ಯರ್ಥಿಗೆ ನಮ್ಮಲ್ಲಿ ಆಸಕ್ತಿಯಿಲ್ಲವೆಂದೇ ಓದಿಕೊಳ್ಳುತ್ತಾರೆ. 2025ರ ಮ್ಯಾಚ್‌ನಲ್ಲಿ ಮೆಡಿಸಿನ್‌ಗೆ 3 ಗೋಲ್ಡ್ (ಹೆಚ್ಚು ಆಸಕ್ತಿಯ), 12 ಸಿಲ್ವರ್ ಸಿಗ್ನಲ್‌ಗಳು ಇದ್ದವು. ಅವನ್ನು ಹೆಸರಾಂತ ವಿಶ್ವವಿದ್ಯಾಲಯಗಳ ಮೇಲೆ ಸುರಿಯದೆ, ರೆಸಿಡೆಂಟರ ಪಟ್ಟಿಯಲ್ಲಿ ನಿಮ್ಮಂಥವರು ಕಾಣುವ ಕಡೆಗೇ ಕೊಡಿ.

ಪತ್ರಗಳನ್ನು ಬಳಸಬಹುದು, ಆದರೆ ಪ್ರತಿ ಪ್ರೋಗ್ರಾಂಗೆ ನಾಲ್ಕೇ ಪತ್ರ ಜೋಡಿಸಲು ಸಾಧ್ಯ. ಮೆಡಿಸಿನ್ ಅರ್ಜಿಯಲ್ಲಿ ನಾಲ್ಕೂ ನ್ಯೂರಾಲಜಿಯವರದ್ದಾದರೆ ಕಥೆ ಮುಗಿಯಿತು. ನಿಮ್ಮ ಕಾಲೇಜಿನ ಮೆಡಿಸಿನ್ ಪ್ರೊಫೆಸರರಿಂದ ಒಂದಾದರೂ ಪತ್ರ ಈಗಲೇ ಕೇಳಿ. ಪರ್ಸನಲ್ ಸ್ಟೇಟ್‌ಮೆಂಟ್ (ಈ ವಿಭಾಗ ಏಕೆ ಬೇಕೆಂದು ನೀವೇ ಬರೆಯುವ ಬರಹ) ಎರಡು ಬರೆದು, ಯಾವ ಪ್ರೋಗ್ರಾಂಗೆ ಯಾವುದು ಜೋಡಣೆಯಾಗಿದೆ ಎಂಬುದನ್ನು ಸಲ್ಲಿಸುವ ಮೊದಲು ಇನ್ನೊಬ್ಬರಿಂದ ಓದಿಸಿ. ‘ಮಿದುಳಿನ ವಿಸ್ಮಯ’ ಎಂದು ಆರಂಭವಾಗುವ ಸ್ಟೇಟ್‌ಮೆಂಟ್ ಮೆಡಿಸಿನ್ ನಿರ್ದೇಶಕರ ಮೇಜಿಗೆ ಪ್ರತಿ ವರ್ಷವೂ ಬಂದು ಬೀಳುತ್ತದೆ.