ಮನೆ ಒಳಗೆ ಸಾಯದೇ ಇರೋ ಗಿಡ ಯಾವ್ದು, ಎಲ್ಲಿ ತಗೊಳ್ಲಿ?

ಪ್ರಶ್ನೆ: ಜಯನಗರದಲ್ಲಿ ಎರಡನೇ ಮಹಡಿ ಮನೆ, ಬಿಸಿಲು ಬರೋದೇ ಕಮ್ಮಿ. ಆನ್‌ಲೈನಲ್ಲಿ ತರಿಸಿದ ಮೂರು ಗಿಡಾನೂ ಒಂದು ತಿಂಗಳಲ್ಲಿ ಹೋಯ್ತು, ತುಂಬಾ ಬೇಜಾರಾಗಿದೆ. ಹತ್ರದ ನರ್ಸರಿಗೆ ಹೋದ್ರೆ ಏನು ನೋಡಿ ತಗೋಬೇಕು?

ಉತ್ತರ ೧: ಪಕ್ಕದಲ್ಲೇ ಸಿದ್ದಾಪುರ ಇದೆಯಲ್ರೀ, ಲಾಲ್‌ಬಾಗ್ ಗೋಡೆ ಆಚೆ! ಅಲ್ಲಿನ ಸಣ್ಣ ನರ್ಸರಿಗಳಲ್ಲಿ ನಮ್ಮೂರ ಹವೆಯಲ್ಲೇ ಇದ್ದ ಗಿಡ ಸಿಗತ್ತೆ, ಪೆಟ್ಟಿಗೇಲಿ ನಾಲ್ಕು ದಿನ ಕತ್ತಲಲ್ಲಿ ಕೂತು ಬಂದಿರಲ್ಲ. ಸ್ನೇಕ್ ಪ್ಲಾಂಟ್ (ಕತ್ತಿ ಥರ ನೆಟ್ಟಗಿನ ಎಲೆಯದು) ಇಲ್ಲಾ ಝೀಝೀ ಪ್ಲಾಂಟ್ (ದಪ್ಪ, ಹೊಳೆಯೋ ಎಲೆಯದು) ತಗೊಳ್ಳಿ. ಝೀಝೀ ಬುಡದಲ್ಲಿ ಆಲೂಗಡ್ಡೆ ಥರ ಗೆಡ್ಡೆ ಇರತ್ತೆ, ನೀರು ಅದರಲ್ಲೇ ಕೂಡಿಟ್ಕೊಳತ್ತೆ, ಅದಕ್ಕೇ ಎರಡು ಮೂರು ವಾರ ಮರೆತ್ರೂ ಏನಾಗಲ್ಲ.

ಉತ್ತರ ೨: ತಗೊಳೋ ಮುಂಚೆ ಎಲೆ ತಿರುಗಿಸಿ ನೋಡಿ, ಕಾಂಡ ಸೇರೋ ಸಂದೀಲಿ ಬಿಳಿ ಹತ್ತಿ ಥರ ಇದ್ರೆ ಅದು ಹಿಟ್ಟುತಿಗಣೆ ಅನ್ನೋ ರಸ ಹೀರೋ ಹುಳ, ಆ ಗಿಡ ಬೇಡ್ವೇ ಬೇಡ. ಕುಂಡದಲ್ಲಿ ಬರೀ ಕೆಂಪುಮಣ್ಣು ತುಂಬಿದ್ರೆ ಮನೇಲಿ ಗಟ್ಟಿಯಾಗಿ ನೀರು ನಿಂತು ಬೇರು ಕೊಳೆಯತ್ತೆ, ಹದಿನೈದು ದಿನ ಬಿಟ್ಟು ಕೋಕೋಪೀಟು (ತೆಂಗಿನ ನಾರಿನ ಪುಡಿ), ಮರಳು ಸೇರಿಸಿ ಬದಲಾಯಿಸಿ.

ಪ್ರಶ್ನೆ ಕೇಳಿದವರು: ನಾನು ದಿನಾ ನೀರು ಹಾಕ್ತಿದ್ದೆ 😔 ಭಾನುವಾರ ಸಿದ್ದಾಪುರಕ್ಕೆ ಹೋಗ್ತೀನಿ, ಥ್ಯಾಂಕ್ಸ್.

ಉತ್ತರ ೧: ಬೆಳಗ್ಗೇನೇ ಹೋಗಿ, ಮಾಲಿಗಳು ಬಿಡುವಾಗಿರ್ತಾರೆ, ಕೇಳಿದ್ದೆಲ್ಲಾ ಹೇಳ್ಕೊಡ್ತಾರೆ.